ಕಾಳಕ್ಕನ ಹೊಲದ ಕಾಡಿಗೆ

ಹಿರಿಯೂರಿನ ಹೊರಗಿರುವ ಕಬ್ಬು ಸಂಶೋಧನಾ ಕೇಂದ್ರದಲ್ಲಿ ಕಾಳಕ್ಕ ದಿನಗೂಲಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಅವಳ ತವರಿನವರು ಧರ್ಮಪುರದ ಕಡೆ ಕುರಿ ಕಾಯುವವರು. ಮುನ್ನೂರು ಕುರಿಗಳ ಹಿಂಡಿನಲ್ಲಿ ಯಾವುದು ನಾಳೆ ಮೇವು ಬಿಡುತ್ತದೆ ಎಂದು ಇವತ್ತೇ ಹೇಳುವಂಥ ಕಣ್ಣು ಅವಳದ್ದು. ತಳಿ ವಿಜ್ಞಾನಿ ಹೇಮಾವತಿ ಅದನ್ನು ಮೊದಲ ವರ್ಷವೇ ಗಮನಿಸಿದ್ದರು. ಕಾಳಕ್ಕ “ಇದ್ಯಾಕೋ ಸರಿ ಇಲ್ಲ ಮೇಡಮ್ಮೋರೆ” ಅಂದ ಕಬ್ಬು ಹದಿನೈದು ದಿನದಲ್ಲಿ ಬಾಡಿರುತ್ತಿತ್ತು. ಅಲ್ಲಿಂದಾಚೆಗೆ ಹೇಮಾವತಿ ಕೈಯಲ್ಲಿ ಪುಸ್ತಕ ಹಿಡಿದು ಅವಳ ಹಿಂದೆಯೇ ಸಾಲು ಸುತ್ತುತ್ತಿದ್ದರು.

ಕಾಳಕ್ಕ ಸೇರಿದ ವರ್ಷ ಕೊಯಮತ್ತೂರಿನಿಂದ ಸಂಕರದ ಬೀಜ ಬಂದಿತ್ತು. ಹತ್ತಿಯ ಧೂಳಿನಂಥ ಬೀಜ. ಉಸಿರು ಬಿಟ್ಟರೆ ಹಾರುವಂಥದ್ದು. ಇಬ್ಬರೂ ಕೂತು ಅದನ್ನು ಬಿತ್ತಿ ಐದು ಸಾವಿರ ಸಸಿ ಎಬ್ಬಿಸಿದರು. ಆಮೇಲಿನ ಕೆಲಸವೆಲ್ಲ ತೆಗೆದುಹಾಕುವುದೇ. ಸುಳಿಕೊರಕ ಹುಳು ತಿಂದದ್ದನ್ನು ತೆಗೆದರು, ಬಿಸಿಲಿಗೆ ಸೊರಗಿದ್ದನ್ನು ತೆಗೆದರು, ಸಪ್ಪೆಯಾದದ್ದನ್ನು ತೆಗೆದರು. ಕೊನೆಗೆ ನಲವತ್ತು ತಳಿ ಉಳಿದವು. ಅವುಗಳಲ್ಲಿ ಇನ್ನೂರ ಹದಿನೆಂಟು ಎಂಬ ನಂಬರಿನದು ಎಲ್ಲರ ಕಣ್ಣಿಗೆ ಬಿತ್ತು. ಬೇಸಿಗೆಯಲ್ಲಿ ಮಾರಿಕಣಿವೆ ನಾಲೆ ಎರಡು ತಿಂಗಳು ನಿಂತರೂ ಅದು ಹಸಿರು ಬಿಡಲಿಲ್ಲ. ರಸವೂ ಸಿಹಿ, ಜಲ್ಲೆಯೂ ದಪ್ಪ.

ರೈತರ ಹೊಲದಲ್ಲಿ ಬೆಳೆದು ನೋಡಬೇಕಾದ ಹಂತ ಬಂದಾಗ ಮೂರು ಕಡೆ ನೆಟ್ಟರು. ಅದರಲ್ಲೊಂದು ನಾಲೆಯ ಕೆಳಗಿದ್ದ ಕಾಳಕ್ಕನದೇ ಅರ್ಧ ಎಕರೆ. ಅವಳ ಗಂಡ ಜುಂಜಪ್ಪ ಆ ಕಬ್ಬನ್ನು ನೋಡಲೆಂದೇ ದಿನಕ್ಕೆರಡು ಸಲ ಹೊಲಕ್ಕೆ ಹೋಗುತ್ತಿದ್ದ. ಮೊದಲ ಕಟಾವು ಮುಗಿದು ಅದೇ ಬುಡಗಳಿಂದ ಎರಡನೇ ಬೆಳೆ, ಅಂದರೆ ಕೂಳೆ, ಚಿಗುರಿದಾಗ ಊರಿನ ಅರ್ಧ ಜನ ಬಿತ್ತನೆ ತುಂಡಿಗೆ ಅವನಲ್ಲಿ ಹೇಳಿಟ್ಟಿದ್ದರು. ತಳಿ ಬಿಡುಗಡೆಯ ಕಡತವನ್ನು ಹೇಮಾವತಿ ಮುಂದಿನ ಸೋಮವಾರ ಕಳಿಸುವವರಿದ್ದರು.

ಆ ಭಾನುವಾರ ಬೆಳಗ್ಗೆ ಕಾಳಕ್ಕ ಹೊಲದ ನಡುವೆ ನಿಂತುಬಿಟ್ಟಳು. ಒಂದು ಬುಡದಲ್ಲಿ ಹೊಸ ಚಿಗುರಿನ ಮರಿಗಳು ಹುಲ್ಲಿನ ಹಾಗೆ ಸಣ್ಣಗೆ ಎದ್ದಿದ್ದವು. ಅವುಗಳ ಮಧ್ಯದಿಂದ ಕಪ್ಪು ಚಾಟಿಯಂಥ ಸುಳಿಯೊಂದು ಬಾಗಿ ಹೊರಬಂದಿತ್ತು. ಕಾಡಿಗೆ ರೋಗ. ಆ ಕಪ್ಪು ಪುಡಿ ಗಾಳಿಗೆ ಹಾರಿ ಎಲ್ಲಿ ಬೀಳುತ್ತದೋ ಅಲ್ಲಿನ ಕಬ್ಬೂ ಹಾಗೇ ಆಗುತ್ತದೆ.

ಅವಳು ಉಸಿರು ಹಿಡಿದು ಅದರ ಮೇಲೆ ಗೊಬ್ಬರದ ಖಾಲಿ ಚೀಲ ಹೊದಿಸಿ ಬಾಯಿ ಕಟ್ಟಿದಳು. ಹಿಂದೆ ಬಂದ ಜುಂಜಪ್ಪನಿಗೂ ಅರ್ಥವಾಯಿತು.

“ಒಂದೇ ಬುಡ ಅಲ್ಲೇನು? ಕಿತ್ತು ಸುಟ್ಟುಬಿಡು. ಯಾರು ನೋಡ್ಯಾರೆ?”

“ನಾನು ನೋಡೀನಲ್ಲ.”

“ನಿಂದೇ ಹೊಲ, ನೀನೇ ಬೆಳೆಸಿದ ತಳಿ. ಹನ್ನೊಂದು ವರ್ಷದ ಕೆಲಸ ಹಾಳು ಮಾಡ್ತೀಯೇನಲೇ?”

“ಊರೆಲ್ಲ ಹಾಕಿದ ಮ್ಯಾಲೆ ಹಾಳಾದ್ರೆ ಏನ್ ಮಾಡಾದು? ಆಗ ಯಾರ ಮನೆ ಬಾಗಿಲಿಗೆ ಹೋಗಾಣ, ಹೇಳು” ಎಂದು ಅವಳು ಸೆರಗು ಕೊಡವಿ ಹೊರಟಳು.

ಹೇಮಾವತಿಯ ಮನೆಯಲ್ಲಿ ತಿಂಡಿಯ ಹೊತ್ತು. ಬಾಗಿಲಲ್ಲೇ ನಿಂತ ಕಾಳಕ್ಕ, “ಕಿತ್ಕಂಡು ಬಂದ್ರೆ ದಾರಿ ತುಂಬ ಉದುರ್ತೈತೆ. ನೀವೇ ಬರ್ರಿ” ಎಂದಳು. ಏನೆಂದು ಹೇಮಾವತಿ ಕೇಳಲಿಲ್ಲ. ಅವಳ ಮುಖ ನೋಡಿದರು, ಕೈ ತೊಳೆದು ಗಾಡಿ ತೆಗೆದರು.

ಚೀಲ ಸರಿಸಿ ನೋಡಿದ ಮೇಲೆ ಹೇಮಾವತಿ ಬದುವಿನ ಮೇಲೆ ಕುಳಿತುಬಿಟ್ಟರು. ಕಾಳಕ್ಕನೂ ಪಕ್ಕದಲ್ಲಿ ಕೂತಳು.

“ಕೇಂದ್ರದ ಪರೀಕ್ಷೆಯಲ್ಲಿ ಎರಡು ಸಲ ಪಾಸಾಗಿತ್ತು ಕಾಳಕ್ಕ.”

“ಅಲ್ಲಿ ನೀವು ತುಂಡು ಅದ್ದಿದ್ದು ಬೇರೆ ಊರಿನ ಕಾಡಿಗೆ ನೀರಾಗೆ ಅಲ್ವೇನ್ರಿ? ಬುಡ್ಡಿ ಮ್ಯಾಲೆ ಚೀಟಿ ಇತ್ತು. ಇದು ನಮ್ಮೂರಿಂದು. ಬಲು ಬಿರುಸೈತೆ.”

ಹೇಮಾವತಿ ತಲೆಯೆತ್ತಿ ಅವಳನ್ನೇ ನೋಡಿದರು. ಇಷ್ಟು ವರ್ಷ ತಮಗೆ ಹೊಳೆಯದೇ ಇದ್ದ ಮಾತನ್ನು ಆಕೆ ಸಲೀಸಾಗಿ ಹೇಳಿಬಿಟ್ಟಿದ್ದಳು.

ಕಡತ ಹೋಗಲಿಲ್ಲ. ಕೇಂದ್ರದಲ್ಲಿ ಕೆಲವರು ಹೇಮಾವತಿಯನ್ನು ಆಡಿಕೊಂಡರು. ಒಂದು ಬುಡಕ್ಕೆ ಇಷ್ಟೊಂದು ರಂಪವೇ ಎಂದರು. ಅವರು ತಲೆ ಕೆಡಿಸಿಕೊಳ್ಳದೆ ಆ ಕಪ್ಪು ಪುಡಿಯನ್ನು ಸೀಸೆಗೆ ತುಂಬಿಸಿಕೊಂಡರು. ಕಾಳಕ್ಕನ ಅರ್ಧ ಎಕರೆಯನ್ನು ಬುಡಸಮೇತ ಅಗೆದು ಅಲ್ಲೇ ಸುಟ್ಟರು. ಜುಂಜಪ್ಪ ಆ ದಿನ ಹೊಲದ ಕಡೆ ಬರಲಿಲ್ಲ, ವಾರ ಕಳೆದರೂ ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳು ರೊಟ್ಟಿ ಬಡಿದಿಟ್ಟು ಎಂದಿನಂತೆ ಕೆಲಸಕ್ಕೆ ಹೋದಳು.

ಕೇಂದ್ರದಲ್ಲಿದ್ದ ನಲವತ್ತೂ ತಳಿಗಳ ತುಂಡುಗಳನ್ನು ಆ ಊರಿನ ಕಾಡಿಗೆ ಕಲಸಿದ ನೀರಿನಲ್ಲಿ ಅದ್ದಿ ನೆಟ್ಟರು. ವರ್ಷ ಕಳೆಯುವಷ್ಟರಲ್ಲಿ ಮೂವತ್ತೊಂದು ತಳಿಗಳಲ್ಲಿ ಚಾಟಿ ಎದ್ದಿತ್ತು. ಇನ್ನೂರ ಹದಿನೆಂಟರಲ್ಲಿ ನೂರು ಬುಡಕ್ಕೆ ಇಪ್ಪತ್ತಾರು. ಹೇಮಾವತಿ ಅದನ್ನು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಆ ತಳಿ ಊರಿಗೆಲ್ಲ ಹಂಚಿಹೋಗಿದ್ದರೆ ಏನಾಗುತ್ತಿತ್ತೆಂದು ಅವರು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಒಂಬತ್ತು ತಳಿ ಗೆದ್ದವು. ಅವುಗಳಲ್ಲಿ ಮುನ್ನೂರ ಆರು ಎಂಬುದು ಬೇಸಿಗೆಯನ್ನೂ ತಡೆದುಕೊಂಡಿತು. ಗರಿಯ ಅಂಚು ಒರಟು, ಇಳುವರಿ ಎಕರೆಗೆ ಮೂರು ಟನ್ ಕಡಿಮೆ. ಆದರೂ ಮೂರು ವರ್ಷ, ಆರು ಹಳ್ಳಿಗಳಲ್ಲಿ, ಒಂದೇ ಒಂದು ಚಾಟಿ ಕಾಣಲಿಲ್ಲ. ಅದನ್ನು ಮೊದಲು ಕೇಳಿ ಹಾಕಿಸಿಕೊಂಡವನು ಜುಂಜಪ್ಪ. ಯಾಕೆಂದು ಯಾರೋ ಕೇಳಿದರೆ, “ನಮ್ಮನೇಳು ಮೂರು ವರ್ಷ ನೋಡ್ಯಾಳಪ್ಪ. ನಂಗಷ್ಟು ಸಾಕು” ಎಂದ.

ಕಳೆದ ತಿಂಗಳು ಕೇಂದ್ರದಲ್ಲಿ ರೈತರನ್ನು ಕರೆದು ಹೊಸ ತಳಿ ತೋರಿಸಿದರು. ಹೇಮಾವತಿ ಮೈಕು ಹಿಡಿದು, “ಈ ಕಬ್ಬು ಹುಟ್ಟಿದ್ದು ನಮ್ಮ ಕೇಂದ್ರದಲ್ಲಿ. ಗಟ್ಟಿಯಾದದ್ದು ಕಾಳಕ್ಕನ ಹೊಲದ ಕಾಡಿಗೆಯಿಂದ” ಎಂದು ಹೇಳಿ ಅವಳನ್ನು ಮುಂದಕ್ಕೆ ಕರೆದರು. ಕಾಳಕ್ಕ ಸಂಕೋಚದಿಂದ ಸೆರಗು ಹೊದ್ದು ನಿಂತಳು. ಹೊಸದುರ್ಗದ ಕಡೆಯ ರೈತ ನಾಗಭೂಷಣ ಎದ್ದು ಕೇಳಿದ:

“ಅಕ್ಕಾ, ಇದಕ್ಕೆ ಇನ್ಯಾವ ರೋಗನೂ ಬರಾಕಿಲ್ಲ ಅಂತ ಗ್ಯಾರಂಟಿ ಕೊಡ್ತೀರಾ?”

ಕಾಳಕ್ಕ ಒಮ್ಮೆ ಹೇಮಾವತಿಯ ಕಡೆ ನೋಡಿದಳು. ಅವರು ನಗುತ್ತಿದ್ದರು.

“ಎರಡು ಕೂಳೆ ನೋಡೀನಿ, ಚೆನ್ನಾಗೈತೆ. ಮೂರನೇದು ನೋಡಿಲ್ಲ” ಎಂದಳು ಅವಳು. “ಹಾಕ್ಕಳ್ರಿ. ಬುಡದಾಗೆ ಮರಿ ಹುಲ್ಲಿನಂಗೆ ಕಂಡ್ರೆ ಮುಚ್ಚಿಡಬ್ಯಾಡ್ರಿ, ನಂಗೆ ಹೇಳಿ ಕಳ್ಸ್ರಿ.”