ವಾಸನೆಯಿಲ್ಲದ ಮುಲಾಮು

2023ರ ಜೂನ್ 23, ಶುಕ್ರವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಶಾಲೆಯಿಂದ ಬಂದು ಗೇಟಿನ ಅಗುಳಿ ತೆಗೆಯುವಾಗಲೇ ಹಿತ್ತಲಿನಿಂದ ಆ ವಾಸನೆ ಬಂತು. ಸಂತ ಜೊವಾನನ ಹಬ್ಬದ ಹಿಂದಿನ ಸಂಜೆ ನಮ್ಮ ಬೆಲೆಮ್ ಊರಿನಲ್ಲಿ ಒಳಿತಾಗಲೆಂದು ತಲೆಯಿಂದ ಸುರಿಯುವ ಪರಿಮಳದ ನೀರು ಬೆರೆಸದ ಮನೆ ಅಪರೂಪ. ಅಮ್ಮ ಬೆಳಿಗ್ಗೆಯೇ ಪಕ್ಕದ ಮನೆಯವರ ಕೈ ಹಿಡಿದು ನದಿಕಟ್ಟೆಯ ಸಂತೆಗೆ ಹೋಗಿ ಬೇರು, ಎಲೆಗಳನ್ನೆಲ್ಲ ತಂದಿದ್ದಳು. ಈಗ ಮಣ್ಣಿನ ಬೋಗುಣಿಯ ಮುಂದೆ ಮಣೆ ಹಾಕಿಕೊಂಡು ಕುಳಿತು ಪ್ರಿಪ್ರಿಯೋಕದ ಬೇರು ತುರಿದು, ಕಾಮಕಸ್ತೂರಿ, ಪಚೋಲಿ ಎಲೆಗಳನ್ನು ಅಂಗೈಯಲ್ಲಿ ಹಿಸುಕಿ ಹಿಸುಕಿ ನೀರಿಗೆ ಬಿಡುತ್ತಿದ್ದಳು.

"ಅಕ್ಕನಿಗೆ ಬೇಡಮ್ಮಾ," ಎಂದೆ.

"ಹೆಗಲ ಮೇಲಿನ ಚೀಲ ಇಳಿಸು ಮೊದಲು. ಬಂದವಳೇ ಪಾಠ ಶುರು ಮಾಡ್ತೀಯಲ್ಲ ಮಾರ್ಲೂಸಿ, ಶಾಲೇಲಿ ಮಾಡಿದ್ದು ಸಾಕಾಗ್ಲಿಲ್ವಾ?"

ನಾನು ರಸಾಯನಶಾಸ್ತ್ರದ ಮೇಡಂ. ಅಮ್ಮನ ಕಣ್ಣಿನಲ್ಲಿ ಅದೊಂದು ಕಾಯಿಲೆ.

ಅಕ್ಕ ಜೆನಿಲ್ದಾಗೆ ಮೂತ್ರಪಿಂಡದ ಕ್ಯಾನ್ಸರ್ ಆಗಿತ್ತು. ಒಂದು ಮೂತ್ರಪಿಂಡ ತೆಗೆದ ಮೇಲೂ ಶ್ವಾಸಕೋಶದಲ್ಲಿ ಗಂಟುಗಳು ಕಾಣಿಸಿಕೊಂಡವು. ಮಾತ್ರೆಗಳು ನಾಟಲಿಲ್ಲ. ಆ ದುಬಾರಿ ಔಷಧಿಯನ್ನು ಸರಕಾರವೇ ಕೊಡಬೇಕೆಂದು ಕೋರ್ಟಿಗೆ ಹೋಗಿ ಆದೇಶ ತಂದ ಮೇಲೆ, ಕಳೆದ ಮಾರ್ಚಿನಿಂದ, ಇಮ್ಯುನೊಥೆರಪಿ ಶುರುವಾಗಿತ್ತು. ಈ ಔಷಧಿ ಗಡ್ಡೆಯನ್ನು ತಾನಾಗಿ ಕೊಲ್ಲುವುದಿಲ್ಲ. ಮೈಯ ಸ್ವಂತ ಕಾವಲು ಪಡೆಗೆ ಹಾಕಿದ್ದ ಕಡಿವಾಣವನ್ನು ಕಳಚಿಬಿಡುತ್ತದೆ. ಗಂಟುಗಳು ಕರಗತೊಡಗಿದ್ದವು. ದೊಡ್ಡದು ಅರ್ಧಕ್ಕೆ ಇಳಿದಿತ್ತು. ಆದರೆ ಕಡಿವಾಣ ಕಳಚಿದ ಪಡೆ ಅಕ್ಕನ ಚರ್ಮದ ಮೇಲೂ ಬಿದ್ದಿತ್ತು. ಬೆನ್ನು, ಎದೆ, ತೋಳುಗಳ ಮೇಲೆಲ್ಲ ಕೆಂಪು ದದ್ದು. ಹಗಲೂ ರಾತ್ರಿ ನವೆ.

ಇದನ್ನು ಅಮ್ಮನಿಗೆ ವಿವರಿಸಿದ್ದ ದಿನ ಅವಳು ಕೇಳಿದ್ದಳು: "ಕಾವಲುಗಾರರು ಅಂತೀಯ, ಮನೆಯವರಿಗೇ ಹೊಡೀತಾರೇನೆ?"

"ನಮ್ಮ ಬೀದಿಗೆ ಬರೋ ಪೊಲೀಸರನ್ನ ನೀನು ನೋಡೇ ಇಲ್ವಾ ಅಮ್ಮಾ?" ಎಂದಿದ್ದಳು ಅಕ್ಕ, ಮೊಣಕೈ ಕೆರೆದುಕೊಳ್ಳುತ್ತಲೇ.

ಚರ್ಮವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ. ದಿನಕ್ಕೆ ಮೂರು ಸಲ ಮೈ ತೊಳೆಯುವ ಊರಿನಲ್ಲಿ ಅವಳಿಗೆ ಒಂದೇ ಸ್ನಾನ, ಅದೂ ಉಗುರುಬೆಚ್ಚಗಿನ ನೀರಿನಲ್ಲಿ, ಐದೇ ನಿಮಿಷ. ನಾರಿನಿಂದ ಉಜ್ಜುವಂತಿಲ್ಲ. ಟವೆಲನ್ನು ಮೆಲ್ಲಗೆ ಒತ್ತಬೇಕು, ಒರೆಸಬಾರದು. ತೇವ ಪೂರ್ತಿ ಆರುವ ಮುಂಚೆ ಮೈಗೆಲ್ಲ ಬಿಳಿ ಮುಲಾಮು, ದದ್ದಿನ ಮೇಲೆ ಮಾತ್ರ ತೆಳ್ಳಗೆ ಸ್ಟೀರಾಯ್ಡ್. ಬಿಸಿಲಿಗೆ ಹೋಗುವಂತಿಲ್ಲ. ಪರಿಮಳವಿರುವ ಯಾವುದೂ ಮೈಗೆ ತಾಗಬಾರದು: ಸೋಪು, ಪೌಡರು, ಎಣ್ಣೆ, ಬಟ್ಟೆಯ ನಡುವೆ ಇಡುವ ಬೇರು ಕೂಡ. ಆ ಬಿಳಿ ಮುಲಾಮಿನ ಡಬ್ಬಿಯನ್ನು ಅಮ್ಮ ಮೊದಲ ದಿನವೇ ಮೂಗಿಗೆ ಹಿಡಿದು ನೋಡಿ, ಏನೂ ಸಿಗದೆ, ಇನ್ನೊಮ್ಮೆ ಹಿಡಿದು ನೋಡಿ, ಮುಚ್ಚಳ ಹಾಕಿಟ್ಟಿದ್ದಳು.

ನಿಯಮವನ್ನು ಡಾಕ್ಟರ್ ಬೆತಾನಿಯಾ ಸ್ಪಷ್ಟವಾಗಿ ಹೇಳಿದ್ದರು. ಒಟ್ಟು ಚರ್ಮದಲ್ಲಿ ನೂರಕ್ಕೆ ಮೂವತ್ತು ಭಾಗವನ್ನು ದದ್ದು ದಾಟಿದರೆ ಔಷಧಿ ನಿಲ್ಲಿಸಬೇಕು. ಜೂನ್ ಮೊದಲ ವಾರದ ಲೆಕ್ಕದಲ್ಲಿ ಹದಿನೆಂಟಿತ್ತು. ಮುಂದಿನ ಡೋಸು ಮಂಗಳವಾರಕ್ಕಿತ್ತು. ಈ ಔಷಧಿ ಬಿಟ್ಟರೆ ಇನ್ನೊಂದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

"ಆ ಎಲೆಗಳ ರಸ ಒಡೆದ ಚರ್ಮಕ್ಕೆ ಇಳಿದರೆ ಇನ್ನಷ್ಟು ಕೆರಳುತ್ತಮ್ಮಾ. ಮಂಗಳವಾರ ಡೋಸು ಕೊಡದೇ ವಾಪಸ್ ಕಳಿಸ್ತಾರೆ. ಅರ್ಥ ಆಗುತ್ತಾ?"

"ಐವತ್ತಾರು ವರ್ಷದಿಂದ ಸುರೀತಿದೀನಿ ಅವಳ ಮೇಲೆ. ಒಂದು ಗುಳ್ಳೆ ಎದ್ದಿಲ್ಲ. ನಿಮ್ಮ ಆಸ್ಪತ್ರೆಯೋರು ಮೂರು ತಿಂಗಳು ನೋಡ್ಕೊಂಡ್ರು, ನೋಡು ಹೆಂಗಿದಾಳೆ!" ಅಮ್ಮ ಇನ್ನೊಂದು ಹಿಡಿ ಎಲೆ ಹಿಸುಕಿ ನೀರಿಗೆ ಬಿಟ್ಟಳು. "ಅವಳು ಪಕ್ಕದಲ್ಲಿ ಹಾದುಹೋದ್ರೂ ನಂಗೆ ಗೊತ್ತಾಗಲ್ಲ ಕಣೇ. ಕಣ್ಣು ಹೋಯ್ತು, ಇನ್ನು ಮೂಗಿನಲ್ಲೇ ಅಲ್ವಾ ನಾನು ಮಕ್ಕಳನ್ನ ಗುರುತು ಹಿಡಿಯೋದು? ನನ್ನ ಮಗಳಿಗೆ ವಾಸನೆಯೇ ಇಲ್ಲ."

ಅಕ್ಕ ಹಿತ್ತಲಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹಬ್ಬದ ಕುಣಿತದ ತಂಡಗಳಿಗೆ ಲಂಗ ಹೊಲಿಯುವುದು ಅವಳ ಕಸುಬು. ಕುತ್ತಿಗೆಯಲ್ಲಿ ಇನ್ನೂ ಟೇಪು ನೇತಾಡುತ್ತಿತ್ತು.

"ನಾಳೆ ಸುರಿ ಅಂದ್ರೆ ಆಗುತ್ತಾ? ಮುಂದಿನ ವರ್ಷ ಅಂದ್ರೆ ಆಗುತ್ತಾ?" ಬಾಗಿಲು ಕಿರುಗುಟ್ಟಿದತ್ತ ಅಮ್ಮ ತಿರುಗಿದಳು. "ಮುಂದಿನ ಸಂತ ಜೊವಾನನಿಗೆ ನಾನಿರ್ತೀನೋ ಇಲ್ವೋ."

ಈ ಮಾತನ್ನು ಅಮ್ಮ ಪ್ರತಿವರ್ಷ ಹೇಳುತ್ತಾಳೆ. ಪ್ರತಿವರ್ಷ ಅಕ್ಕ, "ಹೋದ ವರ್ಷವೂ ಹೀಗೇ ಹೇಳಿ ಮೋಸ ಮಾಡ್ದೆ" ಎಂದು ನಗಿಸುತ್ತಾಳೆ. ಈ ಸಲ ಅಕ್ಕ ಟೇಪು ತೆಗೆದು ಗೂಟಕ್ಕೆ ಹಾಕಿದಳು.

"ಸುರಿಯಮ್ಮಾ," ಎಂದಳು.

"ಅಕ್ಕಾ!"

"ನೀನು ಸುಮ್ಮನಿರು ಮಾರ್ಲೂಸಿ. ಮೈ ನಂದು."

ಹಳೆಯ ಒಳಲಂಗ ಎದೆಗೆ ಕಟ್ಟಿಕೊಂಡು ಅವಳು ಕಲ್ಲಿನ ಮೇಲೆ ನಿಂತಳು. ಅಮ್ಮ ಸೋರೆ ಬುರುಡೆಯಲ್ಲಿ ಮೊಗೆದು ತಲೆಯಿಂದ ಸುರಿದಳು, ಮೆಲ್ಲಗೆ, ಒಂದೊಂದು ಬುರುಡೆಗೂ ಸಂತನ ಹೆಸರು ಹೇಳುತ್ತ. ನೀರು ದದ್ದಿನ ಮೇಲೆ ಇಳಿದಾಗ ಅಕ್ಕ ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು, ಅಮ್ಮನಿಗೆ ಕಾಣಿಸಲಿಲ್ಲ. ಕೊನೆಗೆ ಅಮ್ಮ ಅವಳ ಒದ್ದೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ನಾನು ಟ್ಯಾಂಕಿನ ನೀರು ಹಾಕಿ ಎಲ್ಲವನ್ನೂ ತೊಳೆದೆ. ಮುಲಾಮು ಹಚ್ಚಿದೆ. ಅವಳ ಬೆನ್ನು ಕೆಂಡದ ಹಾಗೆ ಕಾಯುತ್ತಿತ್ತು.

ಭಾನುವಾರದ ಹೊತ್ತಿಗೆ ದದ್ದು ಹೊಟ್ಟೆ, ತೊಡೆಗಳನ್ನೂ ಹಿಡಿದಿತ್ತು. ಅಕ್ಕ ಹಾಸಿಗೆಯ ಬಟ್ಟೆ ತಾಗಿದರೂ ತಡೆಯಲಾರದೆ ಕುಳಿತೇ ಇದ್ದಳು. ಅಮ್ಮ ಬೋಗುಣಿಯನ್ನು ತೊಳೆದು, ಬೋರಲು ಹಾಕಿ, ಒಳಗೆ ಹೋಗಿ ಮಲಗಿದಳು. ಮಂಗಳವಾರ ಬೆಳಿಗ್ಗೆ ನಾವು ಹೊರಟಾಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಎಂದಳು, ಅಷ್ಟೆ.

ಡಾಕ್ಟರ್ ಬೆತಾನಿಯಾ ಅಕ್ಕನ ಮೈ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಹೊಸದಾಗಿ ಏನಾದ್ರೂ ಹಚ್ಚಿದ್ರಾ? ಸೋಪು? ಎಣ್ಣೆ?"

"ಏನಿಲ್ಲ," ಎಂದಳು ಅಕ್ಕ, ಥಟ್ಟನೆ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲನ್ನು ತುಳಿದಳು. ಅಷ್ಟರಲ್ಲಿ ಅಮ್ಮ ಎದ್ದು ನಿಂತಿದ್ದಳು.

"ನಾನು ಸುರಿದೆ ಡಾಕ್ಟರಮ್ಮಾ. ಪರಿಮಳದ ನೀರು. ಇವಳು ಬೇಡ ಬೇಡ ಅಂದ್ಲು, ಇವಳು, ಚಿಕ್ಕೋಳು. ನಾನೇ ಹಟ ಮಾಡ್ದೆ."

ಡಾಕ್ಟರು ಬೈಯಲಿಲ್ಲ. ಅವರ ಮುಖ ಸ್ವಲ್ಪ ಸಡಿಲಾದುದನ್ನು ಕಂಡು ನನಗೇ ಆಶ್ಚರ್ಯವಾಯಿತು.

"ಕೂತ್ಕೊಳ್ಳಿ ಅಮ್ಮಾ. ಹೇಳಿದ್ದು ಒಳ್ಳೇದಾಯ್ತು. ಇದು ಎಲೆಗಳಿಂದ ಎದ್ದಿದ್ರೆ ಔಷಧಿ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ಒಂದೆರಡು ವಾರ ಮುಲಾಮು ಹಚ್ಚಿ ಆರಿಸ್ಕೊಂಡು ಮತ್ತೆ ಡೋಸು ಕೊಡಬಹುದು."

ಅಮ್ಮ ಕೂರಲಿಲ್ಲ. "ಹಂಗಾದ್ರೆ ನಂದೇ ತಪ್ಪು," ಎಂದಳು. ಮೂರು ದಿನದಿಂದ ಕೇಳದಿದ್ದ ಗಟ್ಟಿ ದನಿ. "ನಂದೇ. ಬೇರು ಜಾಸ್ತಿ ತುರಿದೆ ಈ ಸಲ. ಹಿಡಿ ಹಿಡಿ ಹಾಕ್ದೆ."

"ಬಾಯಿ ತೆರೀರಿ ಜೆನಿಲ್ದಾ," ಎಂದರು ಡಾಕ್ಟರು.

ಅಕ್ಕ ತೆರೆಯಲಿಲ್ಲ. ಡಾಕ್ಟರು ಟಾರ್ಚು ಹಿಡಿದುಕೊಂಡೇ ಕಾದರು. ಕೊನೆಗೆ ಅಕ್ಕ ಬಾಯಿ ತೆರೆದಾಗ ನಾನೂ ಬಗ್ಗಿ ನೋಡಿದೆ. ಕೆನ್ನೆಗಳ ಒಳಮೈಯಲ್ಲಿ ಎರಡೂ ಕಡೆ ಬಿಳಿ ಕಸೂತಿಯಂಥ ಗೆರೆಗಳು, ನಡುನಡುವೆ ಕೆಂಪು ಹುಣ್ಣು.

"ಎಷ್ಟು ದಿನದಿಂದ?"

"ಎರಡು ವಾರ ಆಯ್ತು. ಖಾರ ತಿಂದ್ರೆ ಉರಿ ಅಷ್ಟೇ ಇತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತಿದ್ರಿ," ಎಂದಳು ಅಕ್ಕ.

ಬುರುಡೆಯ ನೀರು ಬಾಯೊಳಗೆ ಹೋಗುವುದಿಲ್ಲ. ಎರಡು ವಾರದ ಹಿಂದೆ ಆ ನೀರು ಇರಲೂ ಇಲ್ಲ. ಎಲೆಗಳ ರಸ ಸ್ವಲ್ಪ ಕೆರಳಿಸಿರಬಹುದು, ಅಲ್ಲಗಳೆಯಲಾಗದು; ಆದರೆ ದದ್ದು ಔಷಧಿಯದೇ, ಬಾಯಿಯದೂ ಔಷಧಿಯದೇ. ಡಾಕ್ಟರು ಇದನ್ನು ನಿಧಾನವಾಗಿ, ಅಮ್ಮನ ಕಡೆಗೆ ತಿರುಗಿ, ಎರಡು ಸಲ ಹೇಳಿದರು. ನಿಮ್ಮ ತಪ್ಪಲ್ಲ ಅಮ್ಮಾ, ಮನಸ್ಸಿಗೆ ಹಚ್ಕೋಬೇಡಿ ಎಂದರು.

ಅಮ್ಮ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಹಂಗನ್ಬೇಡಿ ಡಾಕ್ಟರಮ್ಮಾ. ನಂದೇ ತಪ್ಪು ಅಂತ ಬರ್ಕೊಳ್ಳಿ. ನಾನು ರುಜು ಹಾಕ್ತೀನಿ ಬೇಕಾದ್ರೆ. ಬಾಯಿಗೂ ಹೋಗಿರುತ್ತೆ ನೀರು. ತಲೆಯಿಂದ ಸುರಿದ್ರೆ ಬಾಯಿಗೆ ಹೋಗದೆ ಇರುತ್ತಾ? ಅದಕ್ಕೂ ಮುಂಚೆ ಸುರಿದಿದ್ದೆ. ಇವರಿಗೆ ಯಾರಿಗೂ ಗೊತ್ತಿಲ್ಲ, ಕದ್ದು ಸುರಿದಿದ್ದೆ."

"ಅಮ್ಮಾ, ಸಾಕು ಬಾ," ಎಂದಳು ಅಕ್ಕ.

"ನೀನು ಬಾಯಿ ಮುಚ್ಚೇ. ನಂಗೊತ್ತು ನಾನೇನ್ ಮಾಡಿದೀನಿ ಅಂತ."

ನಾನು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವಳ ಬೆರಳುಗಳಲ್ಲಿ ಪ್ರಿಪ್ರಿಯೋಕದ ವಾಸನೆ ಇನ್ನೂ ಉಳಿದಿತ್ತು.

ಉಳಿದದ್ದು ಅಳತೆ ಮಾತ್ರ. ರೋಗಿಯ ಅಂಗೈ, ಬೆರಳುಗಳೂ ಸೇರಿ, ಅವರ ಮೈಚರ್ಮದ ಸುಮಾರು ನೂರರಲ್ಲಿ ಒಂದು ಭಾಗ. ಲೆಕ್ಕ ಮಾಡುವುದು ಅದರಿಂದಲೇ. ನರ್ಸು ಅಕ್ಕನ ಕೈಯ ಅಂಚಿನ ಸುತ್ತ ಪೆನ್ಸಿಲು ಎಳೆದು ಒಂದು ಕಾಗದ ಕತ್ತರಿಸಿದಳು. ಡಾಕ್ಟರು ಅದನ್ನು ತಾಗಿಯೂ ತಾಗದಂತೆ ಬೆನ್ನಿನ ಮೇಲೆ, ಪಕ್ಕೆಗಳ ಮೇಲೆ, ತೊಡೆಗಳ ಮೇಲೆ ಹಿಡಿದು ಹಿಡಿದು ಸರಿಸುತ್ತ ಎಣಿಸಿದರು. ಅಕ್ಕ ಗೋಡೆಯತ್ತ ಮುಖ ಮಾಡಿ ನಿಂತಿದ್ದಳು. ಅಮ್ಮ ಏನೂ ಕಾಣದ ಕಣ್ಣುಗಳಿಂದ ಆ ಕಾಗದವನ್ನೇ ಹಿಂಬಾಲಿಸಲು ನೋಡುತ್ತಿದ್ದಳು. ಇಪ್ಪತ್ತೆಂಟರವರೆಗೆ ಡಾಕ್ಟರು ಗಟ್ಟಿಯಾಗಿ ಎಣಿಸಿದರು. ಆಮೇಲೆ ಮನಸ್ಸಿನಲ್ಲೇ ಎಣಿಸಿದರು. ಕೊನೆಗೆ ಕುಳಿತು ಬರೆದರು: ಡೋಸು ಇಲ್ಲ, ಸ್ಟೀರಾಯ್ಡ್ ಮಾತ್ರೆ ಇಂದಿನಿಂದ, ದದ್ದು ಶೇಕಡಾ ಮೂವತ್ತೇಳು.