ಬಟ್ಟೆ ಎಂದು ಬರೆಸಿದ ಪೆಟ್ಟಿಗೆ

"ಒಂದೇ ಒಂದು ಪೆಟ್ಟಿಗೆ ಕಣಮ್ಮ. ಬಸ್ಸಿನ ಡಿಕ್ಕೀಲಿ ಒಂದು ಮೂಲೇಲಿ ಬಿದ್ದಿರುತ್ತೆ. ಅದೇನು ಅಳುತ್ತಾ, ಊಟ ಕೇಳುತ್ತಾ?"

ಹೀಗೆ ಗೋಗರೆಯುತ್ತಿದ್ದವರು ಏಜೆಂಟಮ್ಮನ ಅಕ್ಕನ ಗಂಡ. ಮನೆಗಳಿಗೆ ಬಣ್ಣ ಬಳಿಸುವ ಗುತ್ತಿಗೆದಾರರು. ಬೇರೊಂದು ಊರಿನಲ್ಲಿ ದೊಡ್ಡ ಕೆಲಸ ಹಿಡಿದಿದ್ದರು. ಅಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರ್ ಮುಗಿದುಹೋಗಿ, ಕೆಲಸಗಾರರು ಕೈಕಟ್ಟಿ ಕೂತಿದ್ದರು.

ಏಜೆಂಟಮ್ಮನ ಕಚೇರಿ ಬಸ್ ನಿಲ್ದಾಣದ ಎದುರಿಗೇ ಇದೆ. ಒಂದು ಕಿಟಕಿಯಲ್ಲಿ ಬಸ್ ಸೀಟು, ಇನ್ನೊಂದರಲ್ಲಿ ಪಾರ್ಸೆಲ್ಲು ಮತ್ತು ಲಾರಿ ಸರಕು. ಯಾವ ಲಾರಿ ಎಲ್ಲಿ ಪಂಕ್ಚರ್ ಆಗಿ ನಿಂತಿದೆ, ಯಾವ ಬಸ್ಸಿನಲ್ಲಿ ಎರಡು ಸೀಟು ಖಾಲಿ ಇದೆ, ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿ. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಕೆಲಸ.

"ಭಾವ, ಥಿನ್ನರ್ ಬೆಂಕಿ ಹತ್ತೋ ಮಾಲು. ಜನ ಕೂರೋ ಬಸ್ಸಲ್ಲಿ ಹಾಕೋ ಹಾಗಿಲ್ಲ. ಗುರುವಾರ ಅಂಥ ಮಾಲು ಸಾಗಿಸೋ ಲಾರಿ ಬರುತ್ತೆ. ಅದರಲ್ಲಿ ಕಳಿಸ್ತೀನಿ."

"ಗುರುವಾರಾನಾ? ಅಷ್ಟರೊಳಗೆ ಆ ಮನೆ ಯಜಮಾನ ನನ್ನನ್ನೇ ಗೋಡೆಗೆ ಬಳೀತಾನೆ! ಇಪ್ಪತ್ತು ವರ್ಷದಿಂದ ಸ್ಕೂಟರಲ್ಲಿ ಹೊತ್ತು ತಿರುಗಿದೀನಿ. ಒಂದು ದಿನಾನಾದ್ರೂ ಏನಾದ್ರೂ ಆಗಿದೆಯಾ?"

"ಇದುವರೆಗೂ ಆಗಿಲ್ಲ ಅಂದ್ರೆ ಮುಂದೂ ಆಗಲ್ಲ ಅಂತ ಯಾರು ಬರೆದುಕೊಟ್ಟಿದಾರೆ ಭಾವ?"

ಭಾವ ಮುಖ ಊದಿಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಒಂಬತ್ತೂವರೆ ಬಸ್ಸಿಗೆ ಅಕ್ಕ ಬಂದಳು, ಜೊತೆಗೆ ಅಕ್ಕನ ಮಗಳು. ಹುಡುಗಿಯನ್ನು ಕಾಲೇಜಿಗೆ ಸೇರಿಸಲು ಹೊರಟಿದ್ದರು. ಮಧ್ಯಾಹ್ನದ ಬಸ್ಸಿಗೆಂದು ಹೇಳಿಟ್ಟಿದ್ದವರು, ಕಾಲೇಜಿನ ಸಾಲು ಉದ್ದವಾದೀತೆಂದು ಬೇಗನೇ ಬಂದಿದ್ದರು. ಏಜೆಂಟಮ್ಮ ಇಬ್ಬರಿಗೂ ಕಿಟಕಿ ಬದಿಯ ಸೀಟು ಕೊಟ್ಟು, ಬಸ್ಸು ತಿರುವು ದಾಟುವವರೆಗೂ ಕೈ ಬೀಸಿ ಒಳಗೆ ಬಂದಳು.

ಬಂದವಳೇ ಪಾರ್ಸೆಲ್ ಪುಸ್ತಕ ತಿರುವಿದಳು. ಕೊನೆಯ ಸಾಲಿನಲ್ಲಿ, "ಬಟ್ಟೆ, ಒಂದು ಪೆಟ್ಟಿಗೆ" ಎಂದಿತ್ತು. ತಲುಪಬೇಕಾದವರು ಒಬ್ಬ ಬಣ್ಣದ ಮೇಸ್ತ್ರಿ.

"ಗುಮಾಸ್ತರೇ, ಈ ಪೆಟ್ಟಿಗೆ ತೆಗೆದು ನೋಡಿದ್ರಾ?"

ವಯಸ್ಸಾದ ಗುಮಾಸ್ತರು ಕನ್ನಡಕ ಮೇಲೇರಿಸಿದರು. "ಬಸ್ ಹೊರಡೋ ಹೊತ್ತಿಗೆ ಯಾರೋ ತಂದುಕೊಟ್ರಮ್ಮ. ಬಟ್ಟೆ ಅಂದ್ರು. ಎತ್ತಿಟ್ಟಾಗ ಗುಳುಗುಳು ಅಂತು. ಒಳಗೆ ತಲೆಗೆ ಹಚ್ಚೋ ಎಣ್ಣೆನೂ ಇಟ್ಟಿರಬೇಕು ಅಂದ್ಕೊಂಡೆ."

ಏಜೆಂಟಮ್ಮ ಕೂಡಲೇ ಭಾವನಿಗೆ ಫೋನ್ ಹಚ್ಚಿದಳು.

"ಸಿಕ್ಕಿಹಾಕಿಕೊಂಡ್ನಾ?" ಭಾವ ನಕ್ಕರು. "ನಾಲ್ಕೇ ಡಬ್ಬ ಕಣಮ್ಮ. ಸಂಜೆಯೊಳಗೆ ಸೇರಿಹೋಗುತ್ತೆ. ಬಿಡು."

"ಭಾವ, ಆ ಬಸ್ಸಲ್ಲಿ ಅಕ್ಕ ಇದಾಳೆ. ನಿಮ್ಮ ಮಗಳು ಇದಾಳೆ."

ಆ ಕಡೆ ನಗು ನಿಂತುಹೋಯಿತು. "ಅವರು ಮಧ್ಯಾಹ್ನದ ಬಸ್ಸಿಗೆ ಅಲ್ವಾ..."

"ಅಲ್ಲ. ಉಳಿದ ಮೂವತ್ತನಾಲ್ಕು ಜನಾನೂ ಯಾರದೋ ಅಕ್ಕ, ಯಾರದೋ ಮಗಳು ಭಾವ." ಅಷ್ಟು ಹೇಳಿ ಫೋನ್ ಇಟ್ಟಳು.

ಕಂಡಕ್ಟರಿಗೆ ಕರೆ ಮಾಡಿದಳು, ಸಿಗಲಿಲ್ಲ. ಡ್ರೈವರ್ ಓಡಿಸುವಾಗ ಫೋನ್ ಎತ್ತುವುದಿಲ್ಲ. ಹಾಗೆಂದು ಆಕೆಯೇ ಕಟ್ಟುನಿಟ್ಟು ಮಾಡಿದ್ದಳು. ಅಕ್ಕನ ಫೋನು ಯಾವತ್ತೂ ಚೀಲದ ತಳದಲ್ಲಿ, ರವಿಕೆ, ಟವೆಲ್ಲುಗಳ ಕೆಳಗೆ. ಹುಡುಗಿಗೆ ಇನ್ನೂ ಫೋನೇ ಇಲ್ಲ.

ಸರಿ, ಪ್ರಯಾಣಿಕರ ಪಟ್ಟಿ ಎಳೆದುಕೊಂಡಳು. ಮೊದಲ ಸೀಟಿನವರು ಕೊಟ್ಟ ನಂಬರಿನಲ್ಲಿ ಒಂಬತ್ತೇ ಅಂಕಿ. ಎರಡನೆಯ ಸೀಟಿನವರ ನಂಬರು ಯಾವುದೋ ಹಿಟ್ಟಿನ ಗಿರಣಿಯದು. ಐದನೆಯ ಸೀಟಿನ ನಂಬರು ಒತ್ತಿದರೆ ಆಕೆಯ ಮೇಜಿನ ಮೇಲಿದ್ದ ಕಚೇರಿ ಫೋನೇ ಹೊಡೆದುಕೊಂಡಿತು! ಆ ಪುಣ್ಯಾತ್ಮ ಗೋಡೆ ಮೇಲಿನ ಬೋರ್ಡು ನೋಡಿ ಬರೆಸಿದ್ದ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಎಂಟನೆಯ ಸೀಟಿನಲ್ಲಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಫೋನ್ ಎತ್ತಿದರು.

"ಮೇಷ್ಟ್ರೇ, ನಾನು ಬಸ್ ಏಜೆಂಟಮ್ಮ. ಗಾಬರಿ ಆಗಬೇಡಿ. ಕಂಡಕ್ಟರ್ ಕೈಗೆ ಫೋನ್ ಕೊಡಿ."

"ಯಾಕಮ್ಮ? ನಾನು ಟಿಕೆಟ್ ತಗೊಂಡಿದೀನಲ್ಲ!"

"ದಮ್ಮಯ್ಯ ಅಂತೀನಿ, ಕೊಡಿ ಮೇಷ್ಟ್ರೇ."

ಕಂಡಕ್ಟರ್ ದನಿ ಕೇಳಿದ್ದೇ ತಡ, ಬಿಡಿಸಿ ಬಿಡಿಸಿ ಹೇಳಿದಳು. "ಬಯಲು ಜಾಗ ನೋಡಿ ಬಸ್ ನಿಲ್ಲಿಸಿ. ಇಂಜಿನ್ ಆಫ್ ಮಾಡಿಸಿ. ಎಲ್ಲರನ್ನೂ ಇಳಿಸಿ ದೂರ ಕರ್ಕೊಂಡು ಹೋಗಿ. ಚೀಲಗೀಲ ಅಂತ ಯಾರೂ ವಾಪಸ್ ಹೋಗಬಾರದು. ಬೆಂಕಿಕಡ್ಡಿ, ಸಿಗರೇಟು ಯಾರೂ ಹಚ್ಚಬಾರದು. ಡಿಕ್ಕಿ ಮುಟ್ಟಬೇಡಿ. ಅಗ್ನಿಶಾಮಕದವರಿಗೆ ನಾನೇ ಫೋನ್ ಮಾಡ್ತೀನಿ."

ಆಮೇಲಿನ ಅರ್ಧ ಗಂಟೆ ಹೇಗೆ ಕಳೆಯಿತೋ ಆಕೆಗೇ ಗೊತ್ತಿಲ್ಲ. ಭಾವ ಏದುಸಿರು ಬಿಡುತ್ತಾ ಓಡಿಬಂದರು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಎಲ್ಲೋ ಬಿದ್ದುಹೋಗಿತ್ತು. ಬೆಂಚಿನ ಮೇಲೆ ಕೂತು ತಲೆಯ ಮೇಲೆ ಕೈಹೊತ್ತರು.

ಮೇಷ್ಟ್ರ ನಂಬರಿನಿಂದ ಫೋನ್ ಬಂತು. ಅಕ್ಕ!

"ಎಲ್ಲರೂ ಇಳಿದಿದೀವಿ ಕಣೇ. ದೂರದಲ್ಲಿ ಮರದ ಕೆಳಗೆ ಕೂತಿದೀವಿ. ಬೆಂಕಿಯೋರು ಬಂದು ಡಿಕ್ಕಿ ತೆಗೆದ್ರು ನೋಡು, ಘಾಟು ಇಲ್ಲೀವರೆಗೂ ಬಂತು! ಒಂದು ಡಬ್ಬದ ಮುಚ್ಚಳ ಬಿಚ್ಚಿಕೊಂಡು ಎಲ್ಲಾ ಚೆಲ್ಲಿತ್ತಂತೆ. ಪಕ್ಕದಲ್ಲೇ ಬ್ಯಾಟರಿ ಅಂತೆ. ಒಂದು ಕಿಡಿ ಸಾಕಿತ್ತು ಅಂದ್ರು. ಯಾವ ಮಹಾರಾಯ ಕಣೇ ಅದನ್ನ ಇಟ್ಟವನು?"

ಏಜೆಂಟಮ್ಮ ಭಾವನ ಕಡೆ ನೋಡಿದಳು. ಭಾವ ಫೋನ್ ತೆಗೆದುಕೊಂಡರು.

"ನಾನೇ ಕಣೇ," ಎಂದರು. ಚಿಕ್ಕ ಮಗುವಿನಂತೆ ಅತ್ತುಬಿಟ್ಟರು.

ಏಜೆಂಟಮ್ಮ ಪಟ್ಟಿ ಹಿಡಿದು, ಕಂಡಕ್ಟರಿಂದ ಒಂದೊಂದೇ ಸೀಟಿನ ಲೆಕ್ಕ ಕೇಳಿದಳು. ಮೂವತ್ತಾರು ಜನ. ಮೂವತ್ತಾರೂ ಕ್ಷೇಮ. ಕೂಡಲೇ ಇನ್ನೊಂದು ಬಸ್ಸು ಗೊತ್ತುಮಾಡಿ ಕಳಿಸಿದಳು. ಅಕ್ಕನ ಮಗಳು ತಡವಾಗಿಯಾದರೂ ಕಾಲೇಜು ತಲುಪಿ ಹೆಸರು ಬರೆಸಿದಳು.

ಭಾವ ತಾವೇ ಠಾಣೆಗೆ ಹೋಗಿ, ಆ ಪೆಟ್ಟಿಗೆ ತಮ್ಮದೇ ಎಂದು ಬರೆದುಕೊಟ್ಟರು. ಗುರುವಾರ ಬೇರೆ ಡಬ್ಬಗಳ ಮುಚ್ಚಳ ಬಿಗಿದು, ಮೇಲೆ "ಥಿನ್ನರ್, ಬೆಂಕಿ ಹತ್ತುವ ವಸ್ತು" ಎಂದು ದಪ್ಪಕ್ಷರದಲ್ಲಿ ಬರೆದು ಕಚೇರಿಯ ಲಾರಿ ಸರಕಿನ ಕಿಟಕಿಗೆ ತಂದರು. ಆ ಮನೆಯ ಯಜಮಾನ ಒಂದಿಷ್ಟು ಬೈದ. ಅಷ್ಟೇ ಆದದ್ದು.

"ಬೈಸಿಕೊಂಡದ್ದು ಎಷ್ಟು ಹಿತವಾಗಿತ್ತು ಗೊತ್ತಾ!" ಎಂದು ಭಾವ ಈಗಲೂ ಹೇಳುತ್ತಾರೆ. ಈಗ ಯಾವ ಪೆಟ್ಟಿಗೆ ಬಂದರೂ ಗುಮಾಸ್ತರು ಬಿಚ್ಚಿಸಿ ನೋಡದೆ ರಸೀದಿ ಹರಿಯುವುದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ನಾಳೆ ಪಾರ್ಸೆಲ್ ಕಟ್ಟುತ್ತೀರಿ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್, ಗ್ಯಾಸ್ ಸಿಲಿಂಡರು, ಪಟಾಕಿ ಇಂಥವನ್ನು ಜನ ಕೂರುವ ಬಸ್ಸಿಗೆ ಹಾಕಬೇಡಿ. ಪೆಟ್ಟಿಗೆಯಲ್ಲಿ ಏನಿದೆಯೋ ಅದನ್ನೇ ಬರೆಸಿ. ಏಜೆಂಟರು ಬಿಚ್ಚಿ ತೋರಿಸಿ ಎಂದರೆ ಮುನಿಸಿಕೊಳ್ಳಬೇಡಿ. ಸೀಟು ಕಾದಿರಿಸುವಾಗ ನಿಮ್ಮದೇ ಫೋನ್ ನಂಬರು ಕೊಡಿ. ಬಸ್ಸಿನಲ್ಲಿ ಘಾಟು ವಾಸನೆ ಬಂದರೆ ಸಂಕೋಚ ಬಿಟ್ಟು ಕಂಡಕ್ಟರಿಗೆ ಕೂಗಿ ಹೇಳಿ. ಸರಕು ಎರಡು ದಿನ ತಡವಾಗಿ ಬರಲಿ, ಬಸ್ಸು ಹತ್ತಿದವರೆಲ್ಲ ಮನೆ ಸೇರಲಿ.