ಮಲಗದವರ ಓಣಿ

"ಹಂದೀದೇ ಬೇಕಾ ನಿನಗೆ? ಮನೇಲೇ ಸಾಕಿದ್ದೀರಲ್ಲಮ್ಮ, ಒಂದನ್ನ ಹಿಡ್ಕೊಂಡು ಬಾ, ಬಿಚ್ಚಿ ಹಾಕಿ ಕಳಿಸ್ತೀವಿ."

ಕೈರೋದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಸಮಿತಿಯ ಹಿರಿಯ ಡಾಕ್ಟರು ಹೀಗಂದಿದ್ದಕ್ಕೆ ಮೇಜಿನ ಆಚೆ ಕೂತಿದ್ದವರೆಲ್ಲ ನಕ್ಕರು. ಬಾಗಿಲು ಕಾಯುವ ಜವಾನನೂ ನಕ್ಕ, ಅವನಿಗೇನು ತಿಳಿಯಿತೋ ದೇವರೇ ಬಲ್ಲ. ದಮಿಯಾನಾ ನಗಲಿಲ್ಲ. ಲಿಫ್ಟಿನವನು ಅವಳ ಬಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಂಡು ಮೆಟ್ಟಿಲ ಕಡೆ ಕೈ ತೋರಿಸಿದ್ದರಿಂದ ಅಷ್ಟೂ ಮಹಡಿ ಹತ್ತಿಕೊಂಡು ಬಂದಿದ್ದಳು. ಏದುಸಿರು ಇನ್ನೂ ಇಳಿದಿರಲಿಲ್ಲ. ನಗುವುದಕ್ಕೂ ಎದೆಯಲ್ಲಿ ಗಾಳಿ ಬೇಕಲ್ಲ.

ಅವಳು ಕೇಳಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಚಿಕ್ಕವಳಿದ್ದಾಗ ಗಂಟಲು ನೋವು, ಕೀಲುಜ್ವರ ಬಂದು ಹೃದಯದ ಒಂದು ವಾಲ್ವು ಅಷ್ಟಿಷ್ಟು ಕೆಟ್ಟಿತ್ತು. ಕೊರೋನಾ ವರ್ಷದಿಂದೀಚೆಗೆ ಅದು ಪೂರಾ ಸೋರತೊಡಗಿತ್ತು. ಬದಲಾಯಿಸದಿದ್ದರೆ ಉಳಿಯುವುದಿಲ್ಲ ಎಂದು ವಾರ್ಡಿನ ಚಿಕ್ಕ ಡಾಕ್ಟರ್ ಹೇಳಿದ್ದ. ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಹಾಕುವುದು ಲೋಹದ ವಾಲ್ವು. ಅದನ್ನು ಹಾಕಿಸಿಕೊಂಡರೆ ರಕ್ತ ತೆಳುವಾಗಿಸುವ ಮಾತ್ರೆ ಸಾಯುವವರೆಗೆ ನುಂಗಬೇಕು, ಆ ಮಾತ್ರೆ ನುಂಗುತ್ತ ಬಸುರಾದರೆ ಕೂಸಿಗೂ ಕೇಡು, ತಾಯಿಗೂ ಕೇಡು. ಹಂದಿಯ ಹೃದಯದಿಂದ ಮಾಡಿದ ವಾಲ್ವಾದರೆ ಆ ಮಾತ್ರೆಯ ಗೊಡವೆಯಿಲ್ಲ. ಹಾಗೆಂದು ಹೇಳಿಕೊಟ್ಟವನೂ ಆ ಚಿಕ್ಕ ಡಾಕ್ಟರೇ.

"ಒಂದು ಮಗು ಬೇಕು ಸ್ವಾಮಿ ನಂಗೆ."

"ನಿಮ್ಮ ಗುಡ್ಡದಲ್ಲಿ ಮಕ್ಕಳಿಗೇನು ಬರಗಾಲವಾ? ಹೆರಬೇಡ, ಬದುಕ್ಕೋ."

ತನ್ನ ತಮಾಷೆಗೆ ತಾನೇ ಖುಷಿಯಾಗಿದ್ದ ಹಿರಿಯ ಡಾಕ್ಟರ್ ಆಮೇಲೆ ನಿಯಮವನ್ನೂ ಹೇಳಿದ. ಹಂದಿಯ ವಾಲ್ವು ಹೊರದೇಶದ ಮಾಲು. ಕೊರೋನಾ ಜ್ವರದಲ್ಲಿ ಮಲಗಿ ಎದ್ದು ಹೃದಯ ಹಾಳು ಮಾಡಿಕೊಂಡವರಿಗೆಂದು ಸರ್ಕಾರಕ್ಕೆ ಬೇರೆ ದುಡ್ಡು ಬಂದಿದೆ, ಆ ಬಾಬ್ತಿನಲ್ಲಾದರೆ ಕೊಡಬಹುದು. ಬಂದಿತ್ತಾ ನಿನಗೆ ಆ ಜ್ವರ ಎಂದು ಕೇಳಿದ.

"ಅಯ್ಯೋ, ಇಲ್ಲ ಸ್ವಾಮಿ. ನಮ್ ಓಣೀಲಿ ಯಾರ್ಗೂ ಬರ್ಲಿಲ್ಲ."

ಯೋಚನೆ ಮಾಡುವುದಕ್ಕೆ ಮೊದಲೇ ಬಾಯಿಂದ ಬಿದ್ದುಹೋಯಿತು. ಮುಕತ್ತಮ್ ಗುಡ್ಡದ ಕಸದವರ ಓಣಿಯಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಆ ವರ್ಷ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ಕೈರೋದ ಮನೆಮನೆಯ ಕಸ ಹೊತ್ತಿದ್ದು ಈ ಓಣಿಯ ಗಂಡಸರು, ಆ ಕಸದೊಳಗಿನ ಮಾಸ್ಕು, ಸಿರಿಂಜು ಬರಿಗೈಯಲ್ಲಿ ಆಯ್ದಿದ್ದು ಹೆಂಗಸರು. ಒಬ್ಬ ಕೆಮ್ಮಿದನೆಂದು ಗೊತ್ತಾದರೂ ಕಟ್ಟಡದ ಕಾವಲುಗಾರ ಗೇಟು ಹಾಕುತ್ತಿದ್ದ, ಹಿಂದಿನ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಮೆಟ್ಟಿಲು ಇಲ್ಲದಿದ್ದರೆ ಕಸ ಇಲ್ಲ, ಕಸ ಇಲ್ಲದಿದ್ದರೆ ಒಲೆ ಹತ್ತುವುದಿಲ್ಲ. ಆದ್ದರಿಂದ ಜ್ವರ ಬಂದವರನ್ನು ಪ್ಲಾಸ್ಟಿಕ್ ಮೂಟೆಗಳ ಹಿಂದೆ ಮಲಗಿಸಿ, ಬೀದಿಯಲ್ಲಿ ನಗುತ್ತ ಓಡಾಡಿದರು. ನಮ್ಮ ಕೈಗೆ ರೋಗ ಹತ್ತುವುದಿಲ್ಲ ಎಂದು ಜಂಬ ಕೊಚ್ಚಿಕೊಂಡರು. ಹೇಳಿ ಹೇಳಿ ಅವರಿಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ದಮಿಯಾನಾ ಸ್ವತಃ ಆ ಮೂಟೆಗಳ ಹಿಂದೆ ಇಡೀ ಈಸ್ಟರ್ ಉಪವಾಸ ಕಳೆಯುವವರೆಗೆ ಮಲಗಿದ್ದವಳು. ಅವಳ ಮಾವ ಸಿದ್ರಾಕ್ ಅಲ್ಲಿಂದ ಏಳಲೇ ಇಲ್ಲ.

ಮೇಜಿನ ಕೊನೆಯಲ್ಲಿ ಅಷ್ಟು ಹೊತ್ತೂ ಫೋನು ನೋಡುತ್ತ ಕೂತಿದ್ದ ಹೆಂಗಸು ತಲೆಯೆತ್ತಿದಳು. ಹಾಗಾದರೆ ನಿನಗೆ ಲೋಹದ್ದೇ ಎಂದು ಸಮಿತಿ ಕಳಿಸಿಬಿಟ್ಟ ಮೇಲೆ ದಮಿಯಾನಾ ಮೆಟ್ಟಿಲ ಬಳಿ ಗೋಡೆ ಹಿಡಿದು ಸುಧಾರಿಸಿಕೊಳ್ಳುತ್ತಿದ್ದಾಗ ಹಿಂದೆಯೇ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. ಆ ಕಟ್ಟಡದಲ್ಲಿ ಅವಳನ್ನು ಮುಟ್ಟಿದವಳು ಇವಳೊಬ್ಬಳೇ. ಡಾಕ್ಟರ್ ರಗದಾ ಅಂತ ಹೆಸರು. ಸರ್ಕಾರದ ಪರವಾಗಿ ಕೊರೋನಾ ಸಂಶೋಧನೆ ನಡೆಸುವವಳು.

"ಒಬ್ಬರಿಗೂ ಬರಲಿಲ್ವಾ? ಕೇಳು ಇಲ್ಲಿ. ನಿಮ್ಮ ಓಣಿಯವರು ಪರೀಕ್ಷೆಗೆ ಅಂತ ಎರಡು ಸಲ ರಕ್ತ ಕೊಡಬೇಕು, ಈಗೊಮ್ಮೆ, ಬೇಸಿಗೆ ಕಳೆದ ಮೇಲೆ ಒಮ್ಮೆ. ನೀನು ಒಪ್ಪಿಸು. ನಿನ್ನ ವಾಲ್ವು ನನ್ನ ಜವಾಬ್ದಾರಿ."

ದಮಿಯಾನಾ ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

*

ಓಣಿಯನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಮೊದಲು ತಿರುಗಿಬಿದ್ದವಳು ಅತ್ತೆ ತಫೀದಾ. ಹಂದಿ ಜ್ವರದ ವರ್ಷವೂ ಬಿಳಿ ಬಟ್ಟೆಯವರು ಹೀಗೇ ಬಂದಿದ್ದರು. ಆ ಜ್ವರ ಓಣಿಯ ಹಂದಿಗಳಿಂದ ಬಂದದ್ದಲ್ಲ, ಹಾಗಿದ್ದರೂ ಆಗ ಇದ್ದವನ್ನು ಒಂದೂ ಬಿಡದೆ ಕೊಂದು ಸುಣ್ಣದ ಗುಂಡಿಗೆ ಹಾಕಿದ್ದರು. ತಫೀದಾ ದೊಡ್ಡಿಯ ಬಾಗಿಲಿಗೆ ಅಡ್ಡ ಮಲಗಿದ್ದಳು, ಪೊಲೀಸಿನವನು ಅವಳ ಜಡೆ ಹಿಡಿದು ಎಳೆದು ಪಕ್ಕಕ್ಕೆ ಹಾಕಿದ್ದ.

"ಆ ಬಿಳಿ ಬಟ್ಟೇರು ಬಂದ್ರೆ ನಮ್ಮನೆಯಿಂದ ಏನಾರ ಒಂದು ಹೊರಡ್ತದೆ ಕಣೆ," ಎಂದಳು. "ಆವಾಗ ಹಂದಿ. ಈಗ ರಕ್ತ."

ಆದರೆ ಸೊಸೆ ಕೂತೇ ನಿದ್ದೆ ಮಾಡುವುದನ್ನು ದಿನಾ ನೋಡುತ್ತಿದ್ದವಳೂ ಅವಳೇ. ಬೈಯುತ್ತಲೇ ಮನೆಮನೆಗೆ ಜೊತೆಯಲ್ಲಿ ಹೋದಳು. ಉಳಿದದ್ದನ್ನು ಘಟ್ಟಾಸ್ ಮುಗಿಸಿದ. ಯಾವ ಕಟ್ಟಡದ ಕಸ ಯಾರು ಹೊರಬೇಕೆಂದು ತೀರ್ಮಾನಿಸುವ ಗುತ್ತಿಗೆದಾರ ಅವನು, ಓಣಿಯ ಅನ್ನ ಅವನ ಜೇಬಿನಲ್ಲಿತ್ತು. ಡಾಕ್ಟರಮ್ಮನ ಕಾರಿನಲ್ಲಿ ಒಮ್ಮೆ ಹೋಗಿಬಂದ ಮೇಲೆ ಅವನಿಗೆ ವಿಜ್ಞಾನದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಸೂಜಿ ಚುಚ್ಚಿಸಿಕೊಳ್ಳದವನ ಗಾಡಿ ಬೆಳಗ್ಗೆ ಹೊರಡುವುದಿಲ್ಲ ಎಂದು ಚಹಾದ ಅಂಗಡಿಯಲ್ಲಿ ಕೂತು ಸಾರಿದ.

ರಕ್ತ ತೆಗೆಯಲು ಬಂದವರು ಶಾಲೆಯ ಅಂಗಳದಲ್ಲಿ ತಮ್ಮದೇ ಕುರ್ಚಿ ಹಾಕಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡು ಕೂತರು. ತಫೀದಾ ಕೈ ತುಂಬ ಸಕ್ಕರೆ ಹಾಕಿ ಮಾಡಿಸಿದ್ದ ಚಹಾ ಹಾಗೇ ಆರಿಹೋಯಿತು. ಒಬ್ಬ ನರ್ಸಮ್ಮ ಮುದುಕನೊಬ್ಬನ ಮುಂಗೈಯನ್ನು ಉಜ್ಜಿ ಉಜ್ಜಿ, ಇದೇನು ಕೊಳೆ ಹೋಗುವುದೇ ಇಲ್ಲವಲ್ಲ ಎಂದಳು. ಅದು ಕೂಸಾಗಿದ್ದಾಗ ಚುಚ್ಚಿಸಿದ ಶಿಲುಬೆಯ ಹಚ್ಚೆ ಎಂದು ಮುದುಕ ಹೇಳಿದ. ಅವಳು ಹತ್ತಿಯನ್ನು ಎಸೆದು ಮುಂದಿನವನನ್ನು ಕರೆದಳು. ಕುರ್ಚಿಗೆ ಬಂದವರನ್ನೆಲ್ಲ ಗುಮಾಸ್ತ ಒಂದೇ ಮಾತು ಕೇಳುತ್ತಿದ್ದ, ಜ್ವರದಲ್ಲಿ ಮಲಗಿದ್ದಿರಾ ಎಂದು. ಇಲ್ಲ, ಇಲ್ಲ, ಇಲ್ಲ ಎಂದು ಇಡೀ ಓಣಿ ಹೇಳಿತು. ರಗದಾ ಹಿಂದೆ ನಿಂತು ಆ ಒಂದೊಂದು ಇಲ್ಲಕ್ಕೂ ತಲೆದೂಗಿದಳು.

*

ಬೇಸಿಗೆಯಲ್ಲಿ ದಮಿಯಾನಾಳ ಕಾಲು ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಗಂಡ ಬಖೀತ್ ಅವಳನ್ನು ಕಸದ ಗಾಡಿಯಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದ. ರಗದಾಳ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ಕಾದರು.

ರಗದಾ ಈಗಲೂ ಮೆತ್ತಗೇ ಮಾತಾಡಿದಳು. ತಾನು ಸಮಿತಿಗೆ ಹೇಳಿ ನೋಡಿದೆ, ಅವರು ಒಪ್ಪಲಿಲ್ಲ, ನಿನ್ನದು ಬಡವರ ಹೃದ್ರೋಗ, ಚಿಕ್ಕಂದಿನಲ್ಲೇ ಬಂದದ್ದು, ಕೊರೋನಾದ ಬಾಬ್ತಿಗೆ ಸೇರುವುದಿಲ್ಲ, ಸರ್ಕಾರದ ನೀತಿಯೇ ಹಾಗಿದೆ ಎಂದಳು. ಲೋಹದ ವಾಲ್ವಿಗೆ ಬೇಕಾದರೆ ಸಾಲಿನಲ್ಲಿ ಸ್ವಲ್ಪ ಮುಂದೆ ತಳ್ಳಿಸಿಕೊಡುತ್ತೇನೆ ಎಂದೂ ಹೇಳಿದಳು.

ದಮಿಯಾನಾ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತಿದ್ದ ಬಖೀತ್ ಬೇಡ ಎಂಬಂತೆ ಕಣ್ಸನ್ನೆ ಮಾಡಿದ. ಅವಳು ಹೇಳಿಯೇಬಿಟ್ಟಳು.

"ಸುಳ್ಳು ಹೇಳಿದ್ದೆ ಡಾಕ್ಟ್ರಮ್ಮ. ನಂಗೂ ಬಂದಿತ್ತು ಆ ಜ್ವರ. ಅದು ಬಂದು ಹೋದ್ಮೇಲೇ ಎದೆ ಹಿಂಗಾಗಿದ್ದು."

"ಬಂದಿತ್ತು ಅಂತ ನಿಮ್ಮ ರಕ್ತವೇ ಹೇಳುತ್ತಮ್ಮ. ನಿನಗೊಬ್ಬಳಿಗೇ ಅಲ್ಲ, ಹೆಚ್ಚುಕಡಿಮೆ ಎಲ್ಲರಿಗೂ ಬಂದಿದೆ. ಬಂದರೂ ಒಬ್ಬರೂ ಹಾಸಿಗೆ ಹಿಡಿದು ಮಲಗಲಿಲ್ಲವಲ್ಲ, ಅದು ಹೇಗೆ ಅಂತ ತಿಳಿಯೋಕೇ ನೀವು ನನಗೆ ಬೇಕಾಗಿದ್ದು."

"ಮಲಗಿದ್ದೆ."

ರಗದಾ ಎದ್ದು ಬಾಗಿಲು ಮುಚ್ಚಿದಳು. ಮೊದಲ ಸಲ ಅವಳ ದನಿ ಬದಲಾಯಿತು.

"ಹಾಗೆ ಎಲ್ಲೂ ಹೇಳಬೇಡ. ಇನ್ನೊಂದು ಸಲದ ರಕ್ತ ಬಾಕಿ ಇದೆ. ಆರೋಗ್ಯ ಇಲಾಖೆ ನಿರ್ದೇಶಕರು ಬರ್ತಾರೆ, ಟೀವಿಯವರು ಬರ್ತಾರೆ. ಮಲಗಿದ್ದೆವು ಅಂತ ನೀವು ಒಬ್ಬರು ಅಂದರೂ ನನ್ನ ಕೆಲಸ ಪೂರ್ತಿ ಮಣ್ಣುಪಾಲು. ನಿಮ್ಮವರಿಗೆ ಯಾವ ಕಾವಲುಗಾರ ಗೇಟು ತೆಗೀತಾನೆ, ಅದನ್ನೂ ಯೋಚನೆ ಮಾಡು."

ದಮಿಯಾನಾಳ ಮೈಯೆಲ್ಲ ಉರಿದುಹೋಯಿತು. ಇವಳ ಕೈಯನ್ನಾ ನಾನು ಕಣ್ಣಿಗೊತ್ತಿಕೊಂಡಿದ್ದು ಎಂದು ತನ್ನ ಮೇಲೇ ಅಸಹ್ಯವಾಯಿತು.

ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಎಲ್ಲರ ಎದುರು ನಿಜ ಹೇಳುತ್ತೇನೆ ಎಂದು ದಮಿಯಾನಾ, ಹೇಳಿದರೆ ಓಣಿಯವರು ನಮ್ಮನ್ನು ಸುಟ್ಟುಹಾಕುತ್ತಾರೆ ಎಂದು ಬಖೀತ್. ಅವನು ಹೆಂಡತಿಯನ್ನು ಪ್ರೀತಿಸುತ್ತಿದ್ದ, ಘಟ್ಟಾಸ್‌ಗೆ ಹೆದರುತ್ತಲೂ ಇದ್ದ. ಎರಡನ್ನೂ ಒಟ್ಟಿಗೆ ಮಾಡುವುದು ಅವನಿಂದಾಗದೆ ಅಂಗಳಕ್ಕೆ ಹೋಗಿ ಹಂದಿಗಳನ್ನು ಬೈಯತೊಡಗಿದ. ತಫೀದಾ ಬಾಟಲಿಗಳ ಮುಚ್ಚಳ ಬೇರೆ ಮಾಡುತ್ತ ಕೂತಿದ್ದಳು.

"ನಿಮ್ ಮಾವನ್ನ ಹೂಳೋವಾಗ ಎದೆ ಒಡೆದು ಸತ್ತ ಅಂತ ಹೇಳಿ ಬರೆಸ್ದೆ," ಎಂದಳು ಕೊನೆಗೆ. "ಅಳಾದೂ ಬಿಟ್ಟು ಮಾರನೇ ದಿನ ಮಗನ್ನ ಗಾಡಿ ಹತ್ತಿಸ್ದೆ. ಅದ್ನೆಲ್ಲ ಈಗ ಕೆದಕಬ್ಯಾಡ ಕಣವ್ವ."

*

ಎರಡನೆಯ ಸಲ ಅಂಗಳಕ್ಕೆ ಶಾಮಿಯಾನ ಬಂತು. ಇಲಾಖೆಯ ನಿರ್ದೇಶಕ ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ. ಕ್ಯಾಮೆರಾದವರು ಹಂದಿ ಕಾಣದ ಹಾಗೆ ಎಲ್ಲಿ ನಿಲ್ಲುವುದೆಂದು ಹುಡುಕುತ್ತಿದ್ದರು. ಮಹಾಮಾರಿಗೆ ಸೋಲದ ಈ ದುಡಿಮೆಗಾರರ ರಕ್ತ ದೇಶದ ಸಂಪತ್ತು ಎಂದು ನಿರ್ದೇಶಕ ಮಾತಾಡಿದ. ಘಟ್ಟಾಸ್ ಹೊಸ ಜುಬ್ಬ ತೊಟ್ಟು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸಾಲು ಸರಿಯುತ್ತಿತ್ತು. ಮಲಗಿದ್ದಿರಾ, ಇಲ್ಲ. ಮಲಗಿದ್ದಿರಾ, ಇಲ್ಲ. ದಮಿಯಾನಾ ಕುರ್ಚಿಗೆ ಬಂದಳು. ತೋಳಿಗೆ ರಬ್ಬರು ಕಟ್ಟಿದರು. ಗುಮಾಸ್ತ ತಲೆ ಎತ್ತದೆ ಕೇಳಿ, ಉತ್ತರ ಬರುವುದಕ್ಕೆ ಮೊದಲೇ ಇಲ್ಲ ಎಂದು ಬರೆದುಕೊಂಡ.

"ಮಲಗಿದ್ದೆ," ಎಂದಳು ದಮಿಯಾನಾ. "ಹೊಡೆದಾಕಿ ಬರಿ ಅಣ್ಣ. ಜ್ವರ ಬಂದು ಮಲಗಿದ್ದೆ. ಎದೆ ಆವಾಗ್ಲೇ ಹೋಗಿದ್ದು."

ಕ್ಯಾಮೆರಾ ಅವಳ ಕಡೆ ತಿರುಗಿತು. ರಗದಾ ನಿರ್ದೇಶಕನ ಕಡೆ ಬಾಗಿ, ಈ ಹುಡುಗಿಗೆ ಕಾಯಿಲೆ ಸರ್, ಏನೇನೋ ಮಾತಾಡ್ತಾಳೆ ಎಂದಳು. ಘಟ್ಟಾಸ್ ಒಂದೇ ನೆಗೆತಕ್ಕೆ ಕುರ್ಚಿಯ ಬಳಿ ಬಂದ.

"ಬಾಯ್ ಮುಚ್ಚೆ ಮುಂಡೆ! ಬಖೀತಾ, ನಿನ್ ಹೆಂಡ್ರನ್ನ ಎಳ್ಕೊಂಡೋಗ್ಲಾ. ನಾಳೆಯಿಂದ ನಿನ್ ಗಾಡಿ ಅದ್ಯಾವ ಬೀದಿಗೆ ಹೋಗ್ತದೋ ನೋಡೇಬಿಡ್ತೀನಿ ಸೂಳೆಮಗನೆ."

ಬಖೀತ್ ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿದ. ಸಾಲಿನಲ್ಲಿದ್ದ ಹೆಂಗಸರೂ ತಿರುಗಿಬಿದ್ದರು. ನಮ್ಮ ಅನ್ನಕ್ಕೆ ಮಣ್ಣು ಹಾಕ್ತೀಯಲ್ಲೇ ಎಂದರು, ನಿನ್ನದೊಂದು ಎದೆಗೆ ಓಣಿಯ ಹೊಟ್ಟೆ ಹೊಡೀತೀಯ ಎಂದರು. ಒಬ್ಬಳು ಉಗಿದಳು. ದಮಿಯಾನಾಳಿಗೆ ಉತ್ತರ ಕೊಡಲು ಉಸಿರೇ ಸಾಲಲಿಲ್ಲ. ಬಾಯಿ ತೆರೆದು ಸುಮ್ಮನೆ ಗಾಳಿ ಎಳೆಯುತ್ತ ಕೂತಳು, ಕಣ್ಣಲ್ಲಿ ನೀರು ಇಳಿಯಿತು.

ತಫೀದಾ ಸಾಲಿನಿಂದ ಹೊರಬಂದಳು. ಸೊಸೆಯ ತೋಳಿಗೆ ಕಟ್ಟಿದ್ದ ರಬ್ಬರನ್ನು ಬಿಚ್ಚಿ ನೆಲಕ್ಕೆಸೆದಳು. ಘಟ್ಟಾಸ್ ಅಡ್ಡ ಬಂದ.

"ಅತ್ತಾಗಿರೋ ಬೋಳಿಮಗನೆ," ಎಂದಳು, ಹೆಚ್ಚೇನೂ ದನಿ ಏರಿಸದೆ. ಅವಳನ್ನು ಕಂಡರೆ ಇವತ್ತಿಗೂ ಜಗುಲಿಯಿಂದ ಇಳಿಯುವ ಹೆಂಗಸರು ದಾರಿ ಬಿಟ್ಟರು. ಅವಳು ಗುಮಾಸ್ತನ ಮುಂದೆ ನಿಂತಳು.

"ಸಿದ್ರಾಕ್ ಅಂತ ನನ್ ಗಂಡ. ಜ್ವರದಾಗೆ ಸತ್ತ, ಆ ಮೂಟೆಗಳ ಹಿಂದೆ. ಕೆಮ್ಮು ಬೀದಿಗೆ ಕೇಳಿಸ್ದಂಗೆ ಬಾಯಿಗೆ ಬಟ್ಟೆ ಒತ್ತಿ ಹಿಡ್ಕೊಂಡಿದ್ದೋಳು ನಾನೇ. ಜ್ವರದಾಗೆ ಸತ್ತೋನ್ನ ಎದೆ ಒಡೆದು ಸತ್ತ ಅಂತ ಬರೆಸ್ದೆ. ಈಗ ಎದೆ ಒಡೀತಿರೋಳ್ನ ಜ್ವರ ಇರ್ಲಿಲ್ಲ ಅಂತ ಬರ್ಕಂತಾ ಇದೀರ. ಬರಿ. ನನ್ ಗಂಡನ್ ಹೆಸ್ರೂ ಬರಿ, ಈ ಹುಡುಗೀದೂ ಬರಿ."

ಗುಮಾಸ್ತ ಕಾಗದ ಮಡಚಲು ಹೋದ. ತಫೀದಾ ಅವನ ಮಣಿಕಟ್ಟು ಹಿಡಿದಳು. ವರ್ಷಾನುಗಟ್ಟಲೆ ತಗಡು, ಗಾಜು ಮುರಿದು ಹದಗೊಂಡ ಕೈ ಅದು. ಅವನು ಎಳೆದುಕೊಂಡ, ಬಿಡಿಸಿಕೊಳ್ಳಲಾಗದೆ ರಗದಾಳ ಮುಖ ನೋಡಿದ. ರಗದಾ ಕ್ಯಾಮೆರಾ ಆರಿಸಿ, ಆರಿಸಿ ಎನ್ನುತ್ತಿದ್ದಳು. ನಿರ್ದೇಶಕ ಆಗಲೇ ಕಾರಿನ ಕಡೆ ಹೊರಟಿದ್ದ. ಘಟ್ಟಾಸ್ ಯಾವ ಯಾವುದೋ ಕಟ್ಟಡದ ಕಾವಲುಗಾರರಿಗೆ ಫೋನು ಹಚ್ಚಿ, ನಮ್ಮಲ್ಲಿ ಯಾರಿಗೂ ಏನೂ ಇರಲಿಲ್ಲ ಎಂದು ಆಣೆ ಹಾಕುತ್ತಿದ್ದ. ಸಾಲಿನಲ್ಲಿದ್ದವರಲ್ಲಿ ಕೆಲವರು ಮನೆಗೆ ನಡೆದರು, ಕೆಲವರು ತಫೀದಾಳನ್ನು ಶಪಿಸುತ್ತ ಅಲ್ಲೇ ನಿಂತರು. ಚುಚ್ಚಿಸಿಕೊಳ್ಳಲು ಮಾತ್ರ ಯಾರೂ ಮುಂದೆ ಬರಲಿಲ್ಲ.

"ಬರೀತೀಯೋ, ಮುರೀಲೋ?" ಎಂದಳು ತಫೀದಾ.

ಗುಮಾಸ್ತನ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು. ಪೆನ್ನು ಇನ್ನೂ ಕೈಯಲ್ಲೇ ಇತ್ತು. ಪಕ್ಕದ ಕುರ್ಚಿಯಲ್ಲಿ ದಮಿಯಾನಾ ಎದೆಗೆ ಕೈಯೊತ್ತಿಕೊಂಡು, ಒಂದು ಉಸಿರಾದ ಮೇಲೆ ಇನ್ನೊಂದಕ್ಕೆ ಕಾಯುತ್ತಿದ್ದಳು.